ಮರಗಟ್ಟಿದ ಹೆಬ್ಬೆರಳು

"ಉಗುಳು ಹೀರೋ ಪೈಪ್ ಹಿಡಿಯೋದು ನಿನ್ನ ಕೆಲಸ! ಅದನ್ನಷ್ಟೇ ಮಾಡು! ಎಂಟನೇ ಕ್ಲಾಸ್ ದಾಟದವನು ನನ್ನ ಕೈ ಹಿಡಿಯೋ ಮಟ್ಟಕ್ಕೆ ಬಂದ್ಬಿಟ್ಟೆಯಾ?"

ಡಾಕ್ಟರಮ್ಮನ ದನಿಗೆ ಇಡೀ ಕೋಣೆ ಗಪ್‌ಚುಪ್ ಆಯಿತು.

ಮಕ್ಕಳ ಹಲ್ಲಿನ ವಿಭಾಗದ ಕೋಣೆ ಅದು. ಸಾಲಾಗಿ ಮೂರು ಕುರ್ಚಿ. ಉಳಿದ ಎರಡು ಕುರ್ಚಿಗಳ ಡಾಕ್ಟರುಗಳು ತಲೆ ಎತ್ತಿ ನೋಡಿದರು. ಪಕ್ಕದ ಕುರ್ಚಿಯಲ್ಲಿ ಅಷ್ಟು ಹೊತ್ತು ಸೂರು ಹಾರಿಹೋಗುವಂತೆ ಅರಚುತ್ತಿದ್ದ ಹುಡುಗ ಕೂಡ ತನ್ನ ಅಳುವನ್ನು ಮರೆತು ಇತ್ತ ತಿರುಗಿದ.

ಅವಳ ಮಣಿಕಟ್ಟು ಇನ್ನೂ ಅವಳ ಸಹಾಯಕನ ಕೈಯಲ್ಲೇ ಇತ್ತು.

ಅವನು ಮೆಲ್ಲಗೆ ಬಿಟ್ಟ.

ಕುರ್ಚಿಯಲ್ಲಿ ಮಲಗಿದ್ದ ಐದು ವರ್ಷದ ಪುಟ್ಟಿ ಬಾಯಿ ತೆರೆದುಕೊಂಡೇ ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿತು. ಕಾಲ ಬಳಿ ನಿಂತಿದ್ದ ಪುಟ್ಟಿಯ ತಾಯಿ ಗಾಬರಿಯಿಂದ ಕೇಳಿದಳು, "ಏನಾಯ್ತು ಡಾಕ್ಟ್ರೇ?"

"ಏನಿಲ್ಲಮ್ಮ." ಡಾಕ್ಟರಮ್ಮ ಅವನತ್ತ ತಿರುಗಿದಳು. "ಹೇಳು! ಯಾಕೆ ಹಿಡಿದೆ?"

ಅವನು ತಾಯಿಯನ್ನು ನೋಡಿದ. ಪುಟ್ಟಿಯ ತುಟಿಯನ್ನು ನೋಡಿದ. ಆಮೇಲೆ ನೆಲ ನೋಡಿದ.

"ಕೈ ಜಾರ್ತು ಮೇಡಂ. ತಪ್ಪಾಯ್ತು."

ಯಾರೋ ಮಾಸ್ಕಿನ ಹಿಂದೆ ಕಿಸಕ್ಕೆಂದರು. ಅವನ ಕಿವಿ ಕೆಂಪಾದವು. ಆದರೂ ಸಕ್ಷನ್ ಪೈಪನ್ನು ಮತ್ತೆ ಎತ್ತಿಕೊಂಡು ಪುಟ್ಟಿಯ ಕೆನ್ನೆಯೊಳಗೆ ಎಷ್ಟು ಮೃದುವಾಗಿ ಇಟ್ಟನೆಂದರೆ, ಆ ಮಗು ಕಣ್ಣು ಮುಚ್ಚಿ ಹಾಯಾಗಿ ಉಸಿರು ಬಿಟ್ಟಿತು.

'ಅಯ್ಯೋ… ನೀನು ಅಂದ್ಬಿಟ್ಟೆನಾ?' ಡಾಕ್ಟರಮ್ಮನ ಎದೆ ಚುಳ್ಳೆಂದಿತು. ಐದು ವರ್ಷ ಅವನನ್ನು 'ನೀವು' ಎಂದವಳು ಅವಳು. ಆದರೆ ಆಡಿದ ಮಾತನ್ನು ಹೀರಿ ತೆಗೆಯುವ ಪೈಪು ಆ ಕೋಣೆಯಲ್ಲಿ ಇರಲಿಲ್ಲ.

* * *

ಹನ್ನೊಂದು ವರ್ಷದಿಂದ ಅವಳು ಮಕ್ಕಳ ಹಲ್ಲಿನ ಡಾಕ್ಟರು. ಮಕ್ಕಳು ಅವಳನ್ನು ಹಲ್ಲಕ್ಕ ಅನ್ನುತ್ತಿದ್ದವು. ಅವನನ್ನು ಪೈಪ್ ಮಾಮ ಅನ್ನುತ್ತಿದ್ದವು.

ದೊಡ್ಡವರಾದರೆ 'ಸ್ವಲ್ಪ ಈ ಕಡೆ ತಿರುಗಿ' ಅಂದರೆ ತಿರುಗುತ್ತಾರೆ. ಮಗು ತಿರುಗುತ್ತದೆಯೇ? ಮಗು ಯಾವ ಕಡೆ ತಿರುಗಿತೋ ಆ ಕಡೆ ಡಾಕ್ಟರೇ ತಿರುಗಬೇಕು. ಬೆರಳೆರಡು ಹಿಡಿಸದ ಬಾಯಿ. ಒಳಗೆ ಅಕ್ಕಿಕಾಳಿನಷ್ಟು ಹುಳುಕು. ಅದನ್ನು ನೋಡಲು ಕುತ್ತಿಗೆ ಸೊಟ್ಟ, ಬೆನ್ನು ಸೊಟ್ಟ, ಭುಜ ಕಿವಿಯ ತನಕ. ಕಾಲಿನಿಂದ ಒದೆ. ಬೆರಳಿಗೆ ಕಚ್ಚು. ಕಿವಿಯ ಪಕ್ಕದಲ್ಲೇ ಕಿರುಚಾಟ. ಒಂದು ಮಗುವಿಗೆ ಇಪ್ಪತ್ತು ನಿಮಿಷ, ಆಮೇಲೆ ಮುಂದಿನ ಟೋಕನ್! ಇಪ್ಪತ್ತು ನಿಮಿಷ ಎಂದು ಬರೆದವನು ಒಂದು ದಿನವಾದರೂ ಆ ಸ್ಟೂಲಿನ ಮೇಲೆ ಕೂತಿದ್ದನೇ? ಇಲ್ಲ. ಅವನ ಕುರ್ಚಿಗೆ ಮೆತ್ತೆ ಇತ್ತು, ತಲೆಗೆ ದಿಂಬಿತ್ತು.

ಅವಳ ಬಲ ಭುಜ ಉರಿಯುತ್ತಿತ್ತು. ಬಲಗೈ ಜೋಮು ಹಿಡಿಯುತ್ತಿತ್ತು. 'ಎಲ್ಲರಿಗೂ ಇರೋದೇ' ಎಂದು ಕೈ ಕೊಡವಿ ಮುಂದಿನ ಮಗುವನ್ನು ಕರೆಯುತ್ತಿದ್ದಳು.

ಆ ಉರಿಯ ಮಧ್ಯೆ ಒಂದೇ ಒಂದು ತಂಪು ಇತ್ತು… ಅವನು.

ಅವಳು ಕೈ ಚಾಚುವ ಮೊದಲೇ ಬೇಕಾದ ಉಪಕರಣ ಅವಳ ಬೆರಳುಗಳ ನಡುವೆ ಇರುತ್ತಿತ್ತು. ಮಾತು ಬೇಕಿರಲಿಲ್ಲ. ಮಾಸ್ಕಿನ ಮೇಲಿನ ಎರಡು ಕಣ್ಣು ಸಾಕಿತ್ತು. ಮನೆಯಲ್ಲಿ ಅಮ್ಮ ಗಂಡು ನೋಡುವ ಮಾತೆತ್ತಿದಾಗೆಲ್ಲ ಅವಳಿಗೆ ನೆನಪಾಗುತ್ತಿದ್ದುದು ಆ ಎರಡು ಕಣ್ಣೇ. ನೆನಪಾದ ಕೂಡಲೇ ಅವಳಿಗೆ ಅವಳ ಮೇಲೇ ಸಿಟ್ಟು ಬರುತ್ತಿತ್ತು. 'ನಾನು ಡಾಕ್ಟರ್. ಅವನು…'

ಆ ದಿನ ಅವನು ಮಣಿಕಟ್ಟು ಹಿಡಿದಾಗ ಅವಳ ಎದೆ ಹಾರಿತ್ತು. ಅದು ಎಲ್ಲರಿಗೂ ಕಂಡಿತೇನೋ ಎಂಬ ಭಯಕ್ಕೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟಿದ್ದಳು.

* * *

ಮರುದಿನ ಬೆಳಿಗ್ಗೆ ಪುಟ್ಟಿಯ ತಾಯಿ ಸೀದಾ ಮ್ಯಾನೇಜರ್ ಕೋಣೆಗೆ ನುಗ್ಗಿದಳು.

"ನೋಡಿ! ನನ್ನ ಮಗಳ ತುಟಿ ನೋಡಿ! ಹಲ್ಲು ತೋರ್ಸೋಕೆ ಬಂದ್ರೆ ಸುಟ್ಟು ಕಳಿಸ್ತೀರಲ್ರೀ!"

ಪುಟ್ಟಿಯ ಕೆಳತುಟಿಯ ಮೇಲೆ ಕಡಲೆಕಾಳಿನಷ್ಟು ದೊಡ್ಡ ಬೊಬ್ಬೆ.

ಮ್ಯಾನೇಜರ್ ಹಲ್ಲಿನ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಕಳೆದ ಮನುಷ್ಯ. ಅವನ ಹಲ್ಲನ್ನು ಮಾತ್ರ ಅಲ್ಲಿ ಯಾರೂ ನೋಡಿರಲಿಲ್ಲ, ಅಷ್ಟು ಗಂಟುಮುಖ. ಅವನು ಡಾಕ್ಟರಮ್ಮನನ್ನೂ ಪೈಪ್ ಮಾಮನನ್ನೂ ಎದುರಿಗೆ ನಿಲ್ಲಿಸಿಕೊಂಡ.

"ಹಲ್ಲು ಕೊರೆಯೋ ಹ್ಯಾಂಡ್‌ಪೀಸ್ ಕಾದಿದೆ. ತುಟಿಗೆ ತಾಗಿದೆ. ಮಗುಗೆ ಇಂಜೆಕ್ಷನ್ ಕೊಟ್ಟು ತುಟಿ ಮರಗಟ್ಟಿಸಿದ್ರಿಂದ ಅದಕ್ಕೆ ಗೊತ್ತಾಗಿಲ್ಲ. ಸರಿ. ಹ್ಯಾಂಡ್‌ಪೀಸ್ ಕಾದಿದ್ದು ಯಾಕೆ? ಅದಕ್ಕೆ ದಿನಾ ಎಣ್ಣೆ ಹಾಕೋರು ಯಾರು?"

"ನಾನು ಸರ್," ಅಂದ ಅವನು.

"ಹಾಕಿದ್ಯಾ?"

ಒಂದು ಕ್ಷಣ… ಒಂದೇ ಕ್ಷಣ ಅವನು ಡಾಕ್ಟರಮ್ಮನ ಬಲಗೈಯನ್ನು ನೋಡಿದ.

"ಇಲ್ಲ ಸರ್. ಮರೆತೆ."

"ಮರೆತೆಯಾ! ಊಟ ಮಾಡೋಕೆ ಮರೀತೀಯೇನಯ್ಯಾ?"

ಕಾಲು ಗಂಟೆಯಲ್ಲಿ ಅವನ ಕೆಲಸ ಹೋಯಿತು. ತಾಯಿ ಅವನ ಮುಖಕ್ಕೇ ಶಾಪ ಹಾಕಿದಳು.

ಡಾಕ್ಟರಮ್ಮ ಮುಖ ಆಚೆ ತಿರುಗಿಸಿದಳು. 'ಓ… ಎಣ್ಣೆ ಹಾಕಿಲ್ಲ ಅಂತ ಆಗ ನೆನಪಾಗಿ ಕೈ ಎಳೆದನಾ? ಇಷ್ಟು ಬೇಜವಾಬ್ದಾರಿನಾ?' ನಂಬಿದ್ದವನು ಮೋಸ ಮಾಡಿದಂತೆ ಅವಳ ಕಣ್ಣು ಉರಿಯಿತು. ತಾನು ಬೈದದ್ದೇ ಸರಿಯಾಯಿತು ಎಂದು ಕೂಡ ಒಂದು ಗಳಿಗೆ ಅನಿಸಿತು!

ಅವನು ಹೋಗುವಾಗ ಹೊರಗೆ ಟೋಕನ್ ಕೊಡುವ ಅಕ್ಕನ ಕಿಟಕಿಯ ಬಳಿ ಮಾತ್ರ ನಿಂತ.

"ಅಕ್ಕಾ, ಮೇಡಂಗೆ ಮಧ್ಯಾಹ್ನದ ಮೇಲೆ ಸಣ್ಣ ಮಕ್ಕಳನ್ನ ಕಳಿಸ್ಬೇಡಿ. ನಾನಿದ್ದಾಗ ಹೇಗೆ ಹಾಕ್ತಿದ್ರೋ ಹಾಗೇ ಬೆಳಿಗ್ಗೆಗೇ ಹಾಕಿ."

"ನಿನ್ನ ಕೆಲಸ ಹೋಗಿದೆ ಕಣೋ! ಇನ್ನೂ ಅವಳ ಚಿಂತೆನಾ ನಿಂಗೆ?" ಅಕ್ಕ ಗದರಿದಳು.

ಅವನು ನಕ್ಕ. ಅಳುವುದಕ್ಕಿಂತ ಕೆಟ್ಟದಾಗಿತ್ತು ಆ ನಗು.

* * *

ಅವನ ಜಾಗಕ್ಕೆ ಹೊಸ ಹುಡುಗಿ ಬಂದಳು.

ಮೊದಲ ದಿನ ಬಾಯಿಗನ್ನಡಿ ಮೂರು ಸಲ ನೆಲಕ್ಕೆ ಬಿತ್ತು. ಎರಡನೆಯ ದಿನ ಚಿಮುಟ ಒಂದು ಮಗುವಿನ ಎದೆಯ ಮೇಲೆ ಬಿತ್ತು.

"ಸರಿಯಾಗಿ ಕೊಡೋಕೆ ಬರಲ್ವೇನಮ್ಮಾ?"

"ಕೊಟ್ಟೆ ಮೇಡಂ…" ಹುಡುಗಿಯ ಕಣ್ಣಲ್ಲಿ ನೀರು. "ನಿಮ್ಮ ಕೈಗೇ ಇಟ್ಟೆ. ನೀವು ಹಿಡೀಲಿಲ್ಲ."

ಡಾಕ್ಟರಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. ಹಿಡಿದಿದ್ದೆನಲ್ಲ! ಹಿಡಿದಿದ್ದೆ ಎಂದುಕೊಂಡಿದ್ದೆನಲ್ಲ…

ಆ ದಿನವೂ ಸಣ್ಣ ಮಕ್ಕಳ ಸರದಿಯೆಲ್ಲ ಬೆಳಿಗ್ಗೆಯೇ ಮುಗಿದಿತ್ತು. ಮಧ್ಯಾಹ್ನ ಅವಳು ಟೋಕನ್ ಅಕ್ಕನ ಬಳಿ ಹೋದಳು. "ಅಕ್ಕ, ನಂಗೆ ಯಾವಾಗ್ಲೂ ಬೆಳಿಗ್ಗೆನೇ ಯಾಕೆ ಸಣ್ಣ ಮಕ್ಕಳು?"

"ಅವನು ಕೇಳಿಕೊಂಡಿದ್ದ. ಒಂದು ವರ್ಷ ಆಯ್ತು. 'ಮೇಡಂ ಕೈ ಬೆಳಿಗ್ಗೆ ಚೆನ್ನಾಗಿರುತ್ತೆ ಅಕ್ಕ' ಅಂದಿದ್ದ. ಏನು ಅಂತ ನಾನೂ ಕೇಳ್ಲಿಲ್ಲ. ನೀವು ಅವನನ್ನ ಎಲ್ಲರೆದುರು ನಾಯಿ ಥರ ಬೈದ್ರಲ್ಲ, ಆವತ್ತೇ ನೀವು ಅವನನ್ನ ಕರೆದು ಕೇಳ್ಬೇಕಿತ್ತು."

ಆ ಮಾತು ಕೆನ್ನೆಗೆ ಬಾರಿಸಿದಂತಿತ್ತು.

ಅವಳು ಉಪಕರಣ ತೊಳೆಯುವ ಕೋಣೆಗೆ ಓಡಿದಳು. ಆ ದಿನದ ಹ್ಯಾಂಡ್‌ಪೀಸನ್ನು ಮ್ಯಾನೇಜರ್ ಒಂದು ಚೀಲದಲ್ಲಿ ಹಾಕಿಸಿ ಬೇರೆ ಇಡಿಸಿದ್ದ. ತೆಗೆದು ಬಿಳಿ ಬಟ್ಟೆಯ ಮೇಲೆ ಕೊಡವಿದಳು.

ಎಣ್ಣೆಯ ಕಲೆ. ಎಣ್ಣೆ ಇತ್ತು!

'ಹಾಕಿದ್ದಾನೆ… ಹಾಕಿಲ್ಲ ಅಂತ ಯಾಕೆ ಸುಳ್ಳು ಹೇಳಿದ?'

ಎಣ್ಣೆ ಹಾಕಿದ್ದರೂ ಆ ಯಂತ್ರದ ತಲೆಯನ್ನು ಯಾವುದಕ್ಕಾದರೂ ಒತ್ತಿ ಹಿಡಿದರೆ ಅದು ಕಾಯುತ್ತದೆ. ಅದು ಅವಳಿಗೂ ಗೊತ್ತು. ಆದರೆ ಕಾದರೆ ಮೊದಲು ಬಿಸಿ ಮುಟ್ಟುವುದು ಹಿಡಿದವರ ಬೆರಳಿಗಲ್ಲವೇ? ಬಿಸಿಯಾದ ಕೂಡಲೇ ಯಾವ ಡಾಕ್ಟರಾದರೂ ಕೈ ತೆಗೆಯುತ್ತಾರೆ.

ಅವಳು ಅದನ್ನು ಅಲ್ಲಿದ್ದ ಮೋಟಾರಿಗೆ ಸಿಕ್ಕಿಸಿ ಓಡಿಸಿದಳು. ಅದರ ತಲೆಯನ್ನು ತನ್ನ ಬಲ ಹೆಬ್ಬೆರಳಿಗೇ ಒತ್ತಿ ಹಿಡಿದಳು. ಒಂದು… ಎರಡು… ಮೂರು… ಎಣಿಸುತ್ತ ಹೋದಳು. ಬಿಸಿಯಾಗಲಿ ಎಂದು ಕಾದಳು.

ಹದಿನೈದಕ್ಕೆ ಚರ್ಮ ಸುಟ್ಟ ವಾಸನೆ ಬಂತು.

ಅವಳು ಕಿರುಚಲಿಲ್ಲ. ಕಿರುಚುವುದಕ್ಕೆ ನೋವೇ ಇರಲಿಲ್ಲ. ಹೆಬ್ಬೆರಳ ಮೇಲೆ ಪುಟ್ಟಿಯ ತುಟಿಯ ಮೇಲಿದ್ದಂಥದೇ ಬೊಬ್ಬೆ ಕಣ್ಣೆದುರೇ ಎದ್ದಿತು!

ಮಗುವಿನ ತುಟಿಗೆ ಅರಿವಿರಲಿಲ್ಲ, ಅವಳ ಬೆರಳಿಗೆ ಅರಿವಿರಲಿಲ್ಲ. ಅರಿವಿದ್ದವನು ಒಬ್ಬನೇ. ಅವನು ಕೈ ಹಿಡಿದು ಎಳೆದ. ಅದಕ್ಕೆ ಅವಳು…

ಅವಳು ತೊಳೆಯುವ ಸಿಂಕಿನ ಕೆಳಗೆ, ಒದ್ದೆ ನೆಲದ ಮೇಲೆ ಕುಸಿದು ಕೂತಳು.

* * *

"ಎಷ್ಟು ದಿನದಿಂದ ಹೀಗಿದೆ?" ನರದ ಡಾಕ್ಟರು ಕೇಳಿದರು. ನರೆತ ಮೀಸೆಯ, ಮಾತಿಗೆ ಮುಲಾಜಿಲ್ಲದ ಮನುಷ್ಯ.

"ಗೊತ್ತಿಲ್ಲ ಡಾಕ್ಟ್ರೇ… ನಂಗೆ ಗೊತ್ತೇ ಆಗ್ಲಿಲ್ಲ."

"ಹಲ್ಲಿನ ಡಾಕ್ಟರುಗಳು ನನ್ನ ಹತ್ರ ಬರೋದು, ಜನ ನಿಮ್ಮ ಹತ್ರ ಬರೋ ಥರಾನೇ. ಎಲ್ಲ ಹುಳ ತಿಂದು ಮುಗಿದ ಮೇಲೆ!" ಅವರು ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದರು. "ಕುತ್ತಿಗೆ ಮೂಳೆ ನಡುವೆ ನರ ಅಪ್ಪಚ್ಚಿಯಾಗಿದೆ. ಒಂದು ವರ್ಷ ಮೊದಲೇ ಬಂದಿದ್ರೆ ಕೈ ಉಳಿಸ್ಬಹುದಿತ್ತು ತಾಯಿ. ಈಗ ಆಪರೇಷನ್ ಮಾಡಿದ್ರೆ ನೋವು ಕಮ್ಮಿಯಾಗುತ್ತೆ. ಸ್ಪರ್ಶ ವಾಪಸ್ ಬರಲ್ಲ."

"ಕೆಲಸ…?"

"ಬರೀಬಹುದು. ಅಡುಗೆ ಮಾಡ್ಬಹುದು, ಬಿಸಿ ಪಾತ್ರೆ ಹುಷಾರು. ಮಗುವಿನ ಬಾಯಿಗೆ ಮಾತ್ರ ಈ ಕೈ ಇನ್ನು ಹೋಗ್ಬಾರದು."

ಮನೆಗೆ ಬಂದಾಗ ಅಮ್ಮ ಎಲ್ಲ ಕೇಳಿ ಬಾಗಿಲು ಹಾಕಿದಳು.

"ಯಾರಿಗೂ ಬಾಯಿ ಬಿಡ್ಬೇಡ. ರಜ ಹಾಕು. ಬೆನ್ನುನೋವು ಅನ್ನು. ಇನ್ನೇನು ದೊಡ್ಡ ಡಾಕ್ಟರ ಜಾಗ ನಿಂಗೇ ಕೊಡ್ತಾರೆ, ಆಮೇಲೆ ಕುರ್ಚಿ ಮೇಲೆ ಕೂತು ಬೇರೆಯವರ ಕೈಲಿ ಮಾಡಿಸು."

"ಅವನ ಕೆಲಸ ಹೋಯ್ತಲ್ಲಮ್ಮ…"

"ಅವನಿಗೇನು, ಬೇರೆ ಕಡೆ ಸಿಗುತ್ತೆ."

"ಮಗು ತುಟಿ ಸುಟ್ಟವನು ಅಂತ ಹೆಸರಾದ ಮೇಲೆ ಯಾವ ಆಸ್ಪತ್ರೆಯವರು ಬಾಗಿಲೊಳಗೆ ಬಿಟ್ಕೋತಾರೆ?"

"ನೀನು ಹೋಗಿ ಹೇಳಿದ್ರೆ ನಿನ್ನ ಹೆಸರಿಗೆ ಅದೇ ಅಂಟುತ್ತೆ! ಓದಿದ್ದು, ಹನ್ನೊಂದು ವರ್ಷ ದುಡಿದಿದ್ದು ಎಲ್ಲ ಒಬ್ಬ ಪೈಪ್ ಹಿಡಿಯೋನಿಗೋಸ್ಕರ ಹಾಳು ಮಾಡ್ಕೋತೀಯಾ?"

ಪೈಪ್ ಹಿಡಿಯೋನು. ತನ್ನದೇ ಮಾತು ಅಮ್ಮನ ಬಾಯಲ್ಲಿ ಕೇಳಿದಾಗ ಎಷ್ಟು ಹೊಲಸಾಗಿತ್ತು!

* * *

ಗಾಯ ತೋರಿಸಲು ಪುಟ್ಟಿ ಮತ್ತೆ ಬಂದ ದಿನವನ್ನೇ ಅವಳು ಆರಿಸಿಕೊಂಡಳು.

ಅದೇ ಮೂರು ಕುರ್ಚಿಯ ಕೋಣೆ. ಅವೇ ಡಾಕ್ಟರುಗಳು. ಬಾಗಿಲಲ್ಲಿ ಮ್ಯಾನೇಜರ್. ಅವಳು ಮಾಸ್ಕ್ ತೆಗೆದಳು, ಕೈಗವಸು ತೆಗೆದಳು, ಬಲಗೈಯನ್ನು ಎತ್ತಿ ಹಿಡಿದಳು. ಹೆಬ್ಬೆರಳಿಗೆ ಬ್ಯಾಂಡೇಜ್.

"ಎಣ್ಣೆ ಹಾಕಿತ್ತು. ನಾನು ನೋಡಿದೀನಿ. ಈ ಮಗು ತುಟಿ ಸುಟ್ಟಿದ್ದು ನಾನು. ನನ್ನ ಬೆರಳಿಗೆ ಸ್ಪರ್ಶ ಇಲ್ಲ. ಕೆಲಸ ಕಳ್ಕೊಂಡವರು ಆವತ್ತು ನನ್ನ ಕೈ ಎಳೀದೇ ಇದ್ದಿದ್ರೆ ತುಟಿ ತೂತಾಗ್ತಿತ್ತು."

"ಮೇಡಂ, ಒಳಗೆ ಬಂದು ಮಾತಾಡಿ…" ಮ್ಯಾನೇಜರ್ ಹಲ್ಲು ಕಚ್ಚಿದ.

"ಬೈದಿದ್ದು ಇಲ್ಲಿ. ಇಲ್ಲೇ ಹೇಳ್ತೀನಿ."

ಪುಟ್ಟಿಯ ತಾಯಿ ಎದ್ದು ಬಂದಳು. ಹೊಡೆಯುತ್ತಾಳೆ ಎಂದುಕೊಂಡಳು ಡಾಕ್ಟರಮ್ಮ. ಹೊಡೆಯಲಿ ಎಂದೂ ಅಂದುಕೊಂಡಳು.

ತಾಯಿ ಹೊಡೆಯಲಿಲ್ಲ. "ಅಯ್ಯೋ… ನಾನು ಆ ಮನುಷ್ಯನಿಗೆ ಏನೇನೋ ಅಂದ್ಬಿಟ್ನಲ್ಲಾ," ಅಂದಳು. ಮಗಳನ್ನು ಎದೆಗವಚಿಕೊಂಡು ಮುಂದಿನ ಕುರ್ಚಿಗೆ ಹೋದಳು. ಡಾಕ್ಟರಮ್ಮನ ಮುಖವನ್ನು ಮತ್ತೆ ನೋಡಲಿಲ್ಲ.

ಸಂಜೆಯೊಳಗೆ ಎರಡು ಕಾಗದ ಹೊರಟವು. ಒಂದು, ಅವನನ್ನು ವಾಪಸ್ ಕರೆದದ್ದು. ಇನ್ನೊಂದು, ಅವಳನ್ನು ಮನೆಗೆ ಕಳಿಸಿದ್ದು. ಹನ್ನೊಂದು ವರ್ಷ ಅವಳ ಕುತ್ತಿಗೆಯನ್ನು ಹಿಂಡಿ ಹಿಪ್ಪೆ ಮಾಡಿದ ಆಸ್ಪತ್ರೆ, ಆ ಕಾಗದವನ್ನು ನಾಲ್ಕು ಸಾಲಿನಲ್ಲಿ ಮುಗಿಸಿತ್ತು!

* * *

ಸೋಮವಾರ ಬೆಳಿಗ್ಗೆ ಅವಳು ತನ್ನ ಸಾಮಾನು ತೆಗೆದುಕೊಳ್ಳಲು ಬಂದಳು. ಮೊದಲ ಮಗು ಆಗಲೇ ಒಳಗೆ ಹೋಗಿತ್ತು, ಮಕ್ಕಳು ಕಾಯುವ ಪಡಸಾಲೆ ಖಾಲಿ. ಸಣ್ಣ ಸಣ್ಣ ಬಣ್ಣದ ಕುರ್ಚಿಗಳು.

ಅವನು ಒಳಬಂದ. ಒಗೆದು ಇಸ್ತ್ರಿ ಮಾಡಿದ ಅಂಗಿ. ಅವಳನ್ನು ನೋಡಿ ನಿಂತುಬಿಟ್ಟ.

"ಮೇಡಂ… ಯಾಕೆ ಹೇಳಿದ್ರಿ? ನಾನು ಹೇಗೋ ಬದುಕ್ತಿದ್ದೆ."

"ಹೇಗೆ?"

"ಹೇಗೋ…"

"ಕೂತ್ಕೊಳ್ಳಿ."

ಇಬ್ಬರೂ ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಎದೆಗೆ ಬರುವಂತೆ ಕೂತರು. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಅವನು ಕೂರುವಾಗ ಎಡ ಭುಜ ಹಿಡಿದುಕೊಂಡು ಮುಖ ಹಿಂಡಿದ.

"ಏನಾಗಿದೆ ಭುಜಕ್ಕೆ?"

"ಏನಿಲ್ಲ. ಪೈಪನ್ನ ಆಚೆಯಿಂದ ಹಿಡಿದ್ರೆ ನೀವು ನೆಟ್ಟಗೆ ಕೂರ್ಬಹುದಿತ್ತು. ಅದಕ್ಕೆ ಸ್ವಲ್ಪ ತಿರುಚಿ ಹಿಡೀತಿದ್ದೆ."

'ಸ್ವಲ್ಪ!' ಅವಳು ಆ ಭುಜವನ್ನೇ ನೋಡಿದಳು. ತನ್ನ ಬೆನ್ನಿಗೆ ಬರಬೇಕಿದ್ದ ಅರ್ಧ ನೋವನ್ನು ಈ ಮನುಷ್ಯ ಹೊತ್ತಿದ್ದ. ಅವನ ಭುಜದ ಬಗ್ಗೆ ಯಾವ ಡಾಕ್ಟರು ಕೇಳಿದ್ದರು? ಯಾವ ಕಾಗದದಲ್ಲಿ ಬರೆದಿತ್ತು?

"ನನ್ನ ಬೆರಳು… ನಿಮಗೆ ಯಾವಾಗಿಂದ ಗೊತ್ತು?"

"ಒಂದು ವರ್ಷ."

"ಒಂದು ವರ್ಷ!"

"ಒಂದಿನ ಕನ್ನಡಿ ಕೊಟ್ಟೆ. ನೀವು ಹಿಡಿದೆ ಅಂದ್ಕೊಂಡ್ರಿ. ಹಿಡಿದಿರ್ಲಿಲ್ಲ. ಆವತ್ತಿಂದ ನಿಮ್ಮ ಬೆರಳನ್ನ ನಾನೇ ಮಡಚಿ ಕೊಡ್ತಿದ್ದೆ. ನಿಮಗೆ ಗೊತ್ತಾಗದ ಹಾಗೆ."

"ಗೊತ್ತಾಗ್ಲಿಲ್ಲ. ಒಂದು ದಿನಾನೂ ಗೊತ್ತಾಗ್ಲಿಲ್ಲ…" ಅವಳು ತನ್ನ ಬೆರಳುಗಳನ್ನು ಮಡಚಿ ಬಿಡಿಸಿದಳು. "ಯಾಕೆ ಹೇಳ್ಲಿಲ್ಲ?"

ಅವನು ಒಳಗಿನ ಕೋಣೆಯ ಬಾಗಿಲತ್ತ ನೋಡಿದ.

"ಹೇಳಿದ್ರೆ ನಿಮ್ಮನ್ನ ಆ ಸ್ಟೂಲಿನಿಂದ ಎಬ್ಬಿಸಿಬಿಡ್ತಿದ್ರು. ಆಮೇಲೆ ನಾನು ಯಾರ ಪಕ್ಕ ಕೂರ್ಲಿ ಮೇಡಂ? ಅದೊಂದೇ ಜಾಗದಲ್ಲಿ ನಾನು ನಿಮ್ಮ ಪಕ್ಕ ಕೂರ್ಬಹುದಿತ್ತು. ಆ ಬಾಗಿಲು ದಾಟಿದ್ರೆ ನೀವು ಯಾರೋ, ನಾನು ಯಾರೋ."

ಐದು ವರ್ಷ ಅವಳು ಕೇಳಬೇಕೆಂದಿದ್ದ ಮಾತು ಅದು. ಕೇಳಿದ ಗಳಿಗೆಯಲ್ಲಿ ಅವಳಿಗೆ ಸಂತೋಷವಾಗಲಿಲ್ಲ. ಏಕೆಂದರೆ ನರದ ಡಾಕ್ಟರು ಹೇಳಿದ ಒಂದು ವರ್ಷದ ಲೆಕ್ಕ ಅವಳಿಗೆ ಗೊತ್ತಿತ್ತು, ಅವನಿಗೆ ಇನ್ನೂ ಗೊತ್ತಿರಲಿಲ್ಲ.

'ಹೇಳ್ಬಾರದು… ಯಾವತ್ತೂ ಹೇಳ್ಬಾರದು.'

ಅವನೇ ಕೇಳಿದ.

"ನರದ ಡಾಕ್ಟ್ರು ಏನಂದ್ರು? ಸರಿಹೋಗುತ್ತಂತಾ?"

"ಇಲ್ಲ."

"ಮೊದಲೇ… ಸ್ವಲ್ಪ ಮೊದಲೇ ತೋರಿಸಿದ್ದಿದ್ರೆ?"

"ಏನೂ ಆಗ್ತಿರ್ಲಿಲ್ಲ," ಅಂದಳು ಅವಳು, ಥಟ್ಟನೆ. "ಇದು ಆಗೋದೇ ಇತ್ತಂತೆ. ನಮ್ಮ ಕೆಲಸದಲ್ಲಿ ಎಷ್ಟೋ ಜನಕ್ಕೆ ಆಗುತ್ತಂತೆ."

ಅವನು ಅವಳ ಕಣ್ಣನ್ನೇ ನೋಡಿದ. ಮಾಸ್ಕಿನ ಮೇಲಿನ ಆ ಎರಡು ಕಣ್ಣನ್ನು ಓದುತ್ತಲೇ ಐದು ವರ್ಷ ಅನ್ನ ಸಂಪಾದಿಸಿದವನು ಅವನು. ಮಕ್ಕಳಿಗೆ 'ನೋವೇ ಆಗಲ್ಲ ಪುಟ್ಟಾ' ಎಂದು ಸುಳ್ಳು ಹೇಳುವಾಗ ಆ ಕಣ್ಣು ಹೇಗೆ ಒಂದಿಷ್ಟೇ ಕಿರಿದಾಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಈಗಲೂ ಆ ಕಣ್ಣು ಒಂದಿಷ್ಟೇ ಕಿರಿದಾಗಿತ್ತು. ಅವನು ತನ್ನ ಎರಡು ಕೈಗಳನ್ನು ತಾನೇ ನೋಡಿಕೊಂಡ. ಯಾರದೋ ಕೈ ಎಂಬಂತೆ ನೋಡಿಕೊಂಡ.

"ಹಾಗೆ ನೋಡ್ಬೇಡಿ!" ಅವಳು ಅವನ ಕೈಯನ್ನು ಬಾಚಿ ಹಿಡಿದಳು. "ನಿಮ್ಮ ತಪ್ಪಲ್ಲ! ಕೇಳಿ… ನನ್ನ ಮಾತು ಕೇಳಿ! ನನ್ನ ಕೈಗೆ ಏನಾಗಿದೆ ಅಂತ ನೋಡ್ಬೇಕಾದವಳು ನಾನು. ಆವತ್ತು ನಾನಾಡಿದ ಮಾತಿಗೆ ಕ್ಷಮೆ ಕೇಳೋ ಮುಖ ಕೂಡ ನಂಗಿಲ್ಲ."

"ಆ ಮಾತು ಬಿಡಿ ಮೇಡಂ. ನೀವಂದಿದ್ದು ಕಮ್ಮಿಯಾಯ್ತು."

"ಮೇಡಂ ಅನ್ಬೇಡಿ. ಇನ್ನು ನಾನು ಯಾರಿಗೂ ಮೇಡಂ ಅಲ್ಲ." ಅವಳ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. "ಪೈಪ್ ಹಿಡಿಯೋಕೆ ಕರೀತಿಲ್ಲ. ನನ್ನ ನೋಡಿ ಪಾಪ ಅಂತ ಬನ್ನಿ ಅಂತಾನೂ ಅಲ್ಲ. ನಂಗೆ ನೀವು ಬೇಕು. ಯಾವಾಗಿಂದ್ಲೋ ಬೇಕು. ಹೇಳೋಕೆ ಹೆದರಿ ಬೈದೆ. ನನ್ನ ಜೊತೆ ಇರ್ತೀರಾ?"

ಒಳಗಿನ ಕೋಣೆಯಲ್ಲಿ ಒಂದು ಮಗು ಅಳತೊಡಗಿತು. ಹೊಸ ಡಾಕ್ಟರ ದನಿ ಕೇಳಿತು, "ಅಸಿಸ್ಟೆಂಟ್ ಎಲ್ರೀ? ಬನ್ನಿ ಬೇಗ!"

ಅವನು ಕದಲಲಿಲ್ಲ. ಬ್ಯಾಂಡೇಜ್ ಸುತ್ತಿದ ಅವಳ ಹೆಬ್ಬೆರಳನ್ನು ಎರಡೂ ಅಂಗೈಯ ನಡುವೆ ಇಟ್ಟುಕೊಂಡು ತಲೆ ಬಗ್ಗಿಸಿದ. ಅವನ ಹಣೆ ಅದಕ್ಕೆ ತಾಗಿತು. ಅವಳಿಗೆ ಅದು ಕಂಡಿತು. ತಾಗಿದ್ದು ಗೊತ್ತಾಗಲಿಲ್ಲ.

"ಹೇಳಿ… ಇರ್ತೀರಾ?"

ಮಗುವಿನ ಅಳು ಜೋರಾಯಿತು.

"ಒಂದು ವರ್ಷ…" ಅಂದ ಅವನು, ತನಗೆ ತಾನೇ ಎಂಬಂತೆ. ಅವಳ ಕೈಯನ್ನು ಅವಳ ಮಡಿಲಲ್ಲಿ ಇಟ್ಟ. ಮಕ್ಕಳ ಕುರ್ಚಿಯಿಂದ ಎದ್ದ. ಜೇಬಿನಿಂದ ಮಾಸ್ಕ್ ತೆಗೆದು ಕಣ್ಣಿನ ತನಕ ಏರಿಸಿಕೊಂಡ. ಬಾಗಿಲ ಹತ್ತಿರ ಒಂದು ಸಲ ಅವನ ಹೆಜ್ಜೆ ತಡವರಿಸಿತು. ತಿರುಗಿ ನೋಡುತ್ತಾನೆ ಎಂದು ಅವಳು ಉಸಿರು ಬಿಗಿಹಿಡಿದಳು.

ಅವನು ಉತ್ತರ ಕೊಡದೆ ಒಳಗೆ ನಡೆದುಹೋದ.